ಸಂಜೆ ಏಳರ ಹಸಿವು: ಪುಣೆಯಲ್ಲಿ ಒಂದು ಸಂಬಳದ ಲೆಕ್ಕ

ಪ್ರಕರಣ ನನ್ನ ಅಕ್ಕನ ಮಗಳದ್ದು. ವಯಸ್ಸು 24, ಊರು ಧಾರವಾಡ. ಪುಣೆಯ ಹಿಂಜವಡಿ ಐಟಿ ಪಾರ್ಕಿನ ಫೇಸ್ 3ರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪಿ.ಎಫ್., ವೃತ್ತಿ ತೆರಿಗೆ ಎಲ್ಲ ಹೋಗಿ ಕೈಗೆ ಬರುವುದು 34,000 ರೂಪಾಯಿ. ವಾಕಡ್‌ನ ಒಂದು ಪಿ.ಜಿ.ಯಲ್ಲಿ ಇಬ್ಬರಿಗೆ ಒಂದು ರೂಮು, ಎರಡು ಹೊತ್ತಿನ ಊಟ ಸೇರಿ 11,500. ಗಾಡಿ ಇಲ್ಲ, ದುಬಾರಿ ಫೋನಿಲ್ಲ, ವಾರಕ್ಕೊಂದು ಪಾರ್ಟಿಯೂ ಇಲ್ಲ. ಆದರೂ 20ನೇ ತಾರೀಕು ಬರುವಷ್ಟರಲ್ಲಿ ಖಾತೆ ಖಾಲಿ. ಉಳಿದ ಹತ್ತು ದಿನ ಕ್ರೆಡಿಟ್ ಕಾರ್ಡಿನ ಮೇಲೆ. ಕಾರ್ಡಿಗೆ ತಿಂಗಳಾ ತಿಂಗಳಾ ಮಿನಿಮಮ್ ಡ್ಯೂ, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಬಂದಿದ್ದಳು. ಬಾಕಿ ಹತ್ತಿರ ಹತ್ತಿರ 24,000ಕ್ಕೆ ಬಂದು ನಿಂತಿತ್ತು.

"ಮಾಮಾ, ನಾ ಏನೂ ಖರ್ಚ ಮಾಡಂಗಿಲ್ಲ. ರೊಕ್ಕ ಎಲ್ಲಿ ಹೋಗ್ತದೋ ಗೊತ್ತಾಗವಲ್ದು" ಅಂದಳು. ಸುಳ್ಳು ಹೇಳುವ ಹುಡುಗಿಯಲ್ಲ. ಖರ್ಚು ಅಂತ ಮನಸ್ಸಿಗೆ ತಟ್ಟುವಂಥದ್ದು ಅವಳ ತಿಂಗಳಲ್ಲಿ ನಿಜಕ್ಕೂ ಇರಲಿಲ್ಲ. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ಸಿನಿಮಾ ಬಿಡು, ಚಹಾ ಬಿಡು, ಹೊಸ ಬಟ್ಟೆ ಬಿಡು ಅನ್ನುವ ಬುದ್ಧಿವಾದ ಇಂಥವರಿಗೆ ಕೆಲಸಕ್ಕೆ ಬರುವುದಿಲ್ಲ. ಬಿಡಲು ಅವರ ಹತ್ತಿರ ಜಾಸ್ತಿ ಏನೂ ಇರುವುದಿಲ್ಲ, ಅಲ್ವಾ?

ಗಂಟೆಯ ಪ್ರಕಾರ ನೋಡಿದಾಗ

ಚಿಂಚವಡದ ನಮ್ಮ ಮನೆಗೆ ಒಂದು ಭಾನುವಾರ ಊಟಕ್ಕೆ ಬಂದಿದ್ದಾಗ ಮೂರು ತಿಂಗಳ ಯುಪಿಐ ಸ್ಟೇಟ್‌ಮೆಂಟ್ ತೆಗೆಸಿ ಪ್ರಿಂಟ್ ಮಾಡಿಸಿದೆ. ಮೊದಲು ಎಲ್ಲರೂ ಮಾಡುವ ಲೆಕ್ಕವೇ ಮಾಡಿದೆವು. ತಿಂಗಳ ಸರಾಸರಿ ಹೀಗೆ ಬಂತು: ಪಿ.ಜಿ. 11,500, ಹೊರಗಿನ ಊಟ 7,200, ಓಡಾಟ 4,600, ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪಿಗೆ 3,100, ಊರಿಗೆ ಹೋಗಿ ಬರಲು 2,400, ಮೊಬೈಲು ಮತ್ತು ಅದರಲ್ಲಿ ನೋಡುವ ಚಂದಾ 900, ತಮ್ಮನ ಫೀಸಿಗೆ ಮನೆಗೆ ಕಳಿಸುವುದು 3,000, ಬಟ್ಟೆ-ಸುತ್ತಾಟ 3,500, ಕಾರ್ಡಿಗೆ 1,800. ಒಟ್ಟು 38,000. ಸಂಬಳಕ್ಕಿಂತ 4,000 ಜಾಸ್ತಿ. ಕಾರ್ಡಿನ ಬಾಕಿ ಯಾಕೆ ಬೆಳೆಯುತ್ತಿತ್ತು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಆದರೆ ಈ ಪಟ್ಟಿ ನೋಡಿ ಅವಳಿಗಾಗಲಿ ನನಗಾಗಲಿ ದಾರಿ ಕಾಣಲಿಲ್ಲ. ಹೊರಗಿನ ಊಟ ಕಡಿಮೆ ಮಾಡು ಅಂತ ಅವಳಿಗೆ ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಆಗ ಅದೇ ಹಾಳೆಗಳನ್ನು ಇನ್ನೊಂದು ರೀತಿ ನೋಡಿದೆವು. ಏನಕ್ಕೆ ಕೊಟ್ಟೆ ಅನ್ನುವುದನ್ನು ಬಿಟ್ಟು, ಎಷ್ಟು ಗಂಟೆಗೆ ಕೊಟ್ಟೆ ಅಂತ ನೋಡಿದೆವು. ಸಂಜೆ ಏಳರ ನಂತರದ ಪ್ರತಿ ಸಾಲಿಗೂ ಕೆಂಪು ಪೆನ್ನಿನಲ್ಲಿ ಗೆರೆ. ಎರಡನೇ ಹಾಳೆ ಮುಗಿಯುವಷ್ಟರಲ್ಲಿ ಹುಡುಗಿ ಸುಮ್ಮನಾದಳು.

ಒಂದು ಮಂಗಳವಾರದ ಸಾಲುಗಳನ್ನು ಇಲ್ಲಿ ಕೊಡುತ್ತೇನೆ. 7.18ಕ್ಕೆ ಆಟೊ, 190. 8.41ಕ್ಕೆ ಪನೀರ್ ರೋಲ್, 263. 9.55ಕ್ಕೆ ಐಸ್‌ಕ್ರೀಂ, ಚಿಪ್ಸ್, ಮೊಸರು, 174. ಎರಡೂವರೆ ಗಂಟೆಯಲ್ಲಿ 627 ರೂಪಾಯಿ. ಪನೀರ್ ರೋಲಿನ ಬಿಲ್ ಬಿಡಿಸಿ ನೋಡಿದರೆ ರೋಲಿಗೆ 189, ಪ್ಯಾಕಿಂಗ್ 20, ಇವೆರಡರ ಮೇಲೆ ಶೇ. 5 ಜಿಎಸ್‌ಟಿ, ಡೆಲಿವರಿ 29, ಪ್ಲಾಟ್‌ಫಾರ್ಮ್ ಫೀ 15. ತಿಂದದ್ದು 189ರದ್ದು, ಕೊಟ್ಟದ್ದು 263. ಅತ್ತ ಪಿ.ಜಿ.ಯಲ್ಲಿ ಅವಳ ಪಾಲಿನ ಅನ್ನ-ಬೇಳೆ ಪಾತ್ರೆಯಲ್ಲೇ ಕೂತಿತ್ತು. ಊಟ ಬೇಡ ಅಂದಿದ್ದರೆ ಆ ರೂಮಿನ ಬಾಡಿಗೆ 8,500. ಅಂದರೆ ತಿಂಗಳಿಗೆ 3,000 ಕೊಟ್ಟು ಊಟ ಕೊಂಡು, ಅದನ್ನು ಬಿಟ್ಟು, ಮತ್ತೆ ಹೊರಗೆ ಕೊಳ್ಳುತ್ತಿದ್ದಳು.

"ಆ ಬ್ಯಾಳಿ ನೋಡಿದ್ರ ಹಸಿವಿ ಸಾಯ್ತದ ಮಾಮಾ" ಅಂದಳು. ನಾನೂ ಒಂದು ಸಲ ಆ ಬೇಳೆ ನೋಡಿದ್ದೇನೆ. ಅವಳದ್ದು ತಪ್ಪಿಲ್ಲ.

ಮೂರೂ ಸಾಲಿನ ಹಿಂದೆ ಒಂದೇ ವಿಷಯ ಇತ್ತು. ಮಧ್ಯಾಹ್ನ ಒಂದಕ್ಕೆ ಆಫೀಸಿನ ಕ್ಯಾಂಟೀನಿನಲ್ಲಿ ಉಂಡವಳು ಆಮೇಲೆ ಏನೂ ತಿನ್ನುತ್ತಿರಲಿಲ್ಲ. ಏಳಕ್ಕೆ ಹೊರಬೀಳುವಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ತಲೆ ಸಿಡಿಯುತ್ತಿರುತ್ತದೆ. ಹಿಂಜವಡಿಯಿಂದ ಆ ಹೊತ್ತಿಗೆ ಹೊರಡುವ ಬಸ್ಸುಗಳನ್ನು ನೋಡಿದವರಿಗೆ ಗೊತ್ತು, ಹಸಿದ ಹೊಟ್ಟೆಯಲ್ಲಿ ಅದರೊಳಗೆ ನುಗ್ಗುವ ಶಕ್ತಿ ಯಾರಿಗೂ ಇರುವುದಿಲ್ಲ. ಹಾಗಾಗಿ ಆಟೊ. ರೂಮಿಗೆ ಬಂದರೆ ಬೇಳೆ. ಹಾಗಾಗಿ ಆ್ಯಪು. ಸರಿಯಾಗಿ ಊಟ ಆಗದ್ದಕ್ಕೆ ಹತ್ತು ಗಂಟೆಗೆ ಚಿಪ್ಸು. ತಿಂಗಳ 38,000ದಲ್ಲಿ ಬದಲಾಯಿಸಬೇಕಾದ್ದು ಈ ಮೂರು ಗಂಟೆಯೇ ಅಂತ ನನಗೆ ಖಾತ್ರಿಯಾಯಿತು.

ಶೇಂಗಾ ಉಂಡಿ, ಖಡಕ್ ರೊಟ್ಟಿ, ಪೋಳಿ-ಭಾಜಿ

ಮೊದಲು ಮಾಡಿದ ಕೆಲಸಕ್ಕೆ ದುಡ್ಡೇ ಬೇಕಾಗಲಿಲ್ಲ. ಅಕ್ಕ ಊರಿನಿಂದ ಕಳಿಸಿದ ಶೇಂಗಾ ಉಂಡಿ ಪಿ.ಜಿ.ಯ ಕಪಾಟಿನಲ್ಲಿ ಬಿದ್ದಿದ್ದವು. ಅವನ್ನು ಆಫೀಸಿನ ಡ್ರಾಯರಿಗೆ ಸಾಗಿಸಿದಳು. ಸಂಜೆ ಐದೂವರೆಗೆ ಚಹಾದ ಜೊತೆ ಎರಡು ಉಂಡಿ, ಇಲ್ಲವೇ ಒಂದು ಬಾಳೆಹಣ್ಣು. ಅಷ್ಟೇ. ಕೇಳಲು ತಮಾಷೆ ಅನ್ನಿಸಬಹುದು, ಆದರೆ ಮೊದಲ ತಿಂಗಳಲ್ಲೇ ಆಟೊ ಖರ್ಚು ಅರ್ಧಕ್ಕೆ ಇಳಿಯಿತು. ಹೊಟ್ಟೆಯಲ್ಲಿ ಸ್ವಲ್ಪ ಇದ್ದರೆ ಇಪ್ಪತ್ತು ನಿಮಿಷ ಬಸ್ಸಿಗೆ ಕಾಯಬಹುದು. ಹಸಿದಿದ್ದರೆ ಐದು ನಿಮಿಷವೂ ಆಗುವುದಿಲ್ಲ.

ರಾತ್ರಿಯ ಊಟ ಪಿ.ಜಿ.ಯಲ್ಲಿ ಇದ್ದುಕೊಂಡು ಸರಿಹೋಗುವಂತಿರಲಿಲ್ಲ. ಅಲ್ಲಿ ಅಡುಗೆಮನೆ ಇಲ್ಲ, ರೂಮಿನಲ್ಲಿ ಇಂಡಕ್ಷನ್ ಒಲೆ ಇಡಲು ಬಿಡುವುದಿಲ್ಲ. ಮನೆ ಬದಲಿಸುವ ಮಾತು ಬಂದದ್ದು ಬಾಡಿಗೆ ಉಳಿಸಲಿಕ್ಕಲ್ಲ, ಒಂದು ಒಲೆಗಾಗಿ. ಅದನ್ನು ಮುಂದೆ ಹೇಳುತ್ತೇನೆ.

ಇನ್ನಿಬ್ಬರು ಹುಡುಗಿಯರಿದ್ದ ಫ್ಲ್ಯಾಟಿಗೆ ಬಂದ ಮೇಲೆ ಹುರುಪಿನಲ್ಲಿ ಮೂವರೂ ಸೇರಿ ಭಾನುವಾರವೇ ವಾರದ ಅಡುಗೆ ಮಾಡಿ ಫ್ರಿಜ್ಜಿನಲ್ಲಿ ಇಡುವ ಪ್ಲಾನು ಹಾಕಿದರು. ಮೊಬೈಲಿನಲ್ಲಿ ನೋಡಿದ್ದಂತೆ. ಬುಧವಾರದ ಹೊತ್ತಿಗೆ ಆ ಪಲ್ಯವನ್ನು ಯಾರೂ ಮೂಸಿ ನೋಡಲಿಲ್ಲ. ತಂಗಳು ತಿನ್ನುವ ರೂಢಿ ಅವರಿಗಿಲ್ಲ, ಭಾನುವಾರವೂ ಹಾಳು. ನಾಲ್ಕು ವಾರ ಎಳೆದು ಬಿಟ್ಟರು.

ಕೈಹಿಡಿದದ್ದು ಪುಣೆಯವರ ಹಳೆಯ ಉಪಾಯವೇ. ಇಲ್ಲಿ ಗಲ್ಲಿಗೊಂದು ಪೋಳಿ-ಭಾಜಿ ಕೇಂದ್ರ ಇರುತ್ತದೆ. ಚಿಕ್ಕ ಅಂಗಡಿ, ಒಳಗೆ ಇಬ್ಬರು ಮೂವರು ಹೆಂಗಸರು ಹಂಚಿನ ಮುಂದೆ. ಚಪಾತಿ, ಜೋಳದ ರೊಟ್ಟಿ ಎಣಿಸಿ ಕೊಡುತ್ತಾರೆ, ಪಲ್ಯ ಪೊಟ್ಟಣದಲ್ಲಿ ಕೊಡುತ್ತಾರೆ. ಎಷ್ಟು ಬೇಕೋ ಅಷ್ಟೇ ಕೊಳ್ಳಬಹುದು. ಮನೆಗೆ ಊಟ ತಂದುಕೊಡುವ ಡಬ್ಬಾದವರ ಹಾಗೆ ತಿಂಗಳ ದುಡ್ಡು ಮುಂಗಡ ಕೊಟ್ಟು, ತಿನ್ನದ ದಿನಕ್ಕೂ ಲೆಕ್ಕ ಹಾಕಿಸಿಕೊಳ್ಳಬೇಕಾಗಿಲ್ಲ. ಇವಳು ಬಸ್ ಇಳಿದು ಬರುವ ದಾರಿಯಲ್ಲೇ ಒಂದಿದೆ. ಚಪಾತಿಗೆ 12, ಜೋಳದ ರೊಟ್ಟಿಗೆ 20. ಮನೆಯಲ್ಲಿ ಮಾಡುವುದು ಕುಕ್ಕರಿನಲ್ಲಿ ಅನ್ನ, ಒಂದು ಸಾರು ಅಥವಾ ಪಲ್ಯ ಮಾತ್ರ. ಹಿಟ್ಟು ನಾದಿ ಲಟ್ಟಿಸುವ ಕೆಲಸ ತಪ್ಪಿತು. ಒಂಟಿಯಾಗಿ ಅಥವಾ ಮೂವರು ಇರುವ ಮನೆಯಲ್ಲಿ ಅಡುಗೆ ನಿಲ್ಲುವುದೇ ಆ ಕೆಲಸದ ಹತ್ತಿರ ಅಂತ ನನ್ನ ಅನಿಸಿಕೆ. ರೊಟ್ಟಿ ಹೊರಗಿನಿಂದ ಬಂದರೆ ಉಳಿದದ್ದು ಅರ್ಧ ಗಂಟೆಯ ಮಾತು.

ತೀರಾ ತಡವಾದ ದಿನಕ್ಕೆ ಬೇರೆ ವ್ಯವಸ್ಥೆ ಬೇಕಿತ್ತು. ಅದು ಊರಿನಿಂದಲೇ ಬಂತು. ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೊಸರು, ಚಟ್ನಿ, ಒಂದು ಉಳ್ಳಾಗಡ್ಡಿ ಇದ್ದರೆ ಐದು ನಿಮಿಷದಲ್ಲಿ ಊಟ. ಯಾವ ಆ್ಯಪೂ ಅಷ್ಟು ಬೇಗ ಬರುವುದಿಲ್ಲ. ಜೊತೆಗಿರುವ ಸೊಲ್ಲಾಪುರದ ಹುಡುಗಿಗೂ ಕಲಬುರ್ಗಿಯ ಹುಡುಗಿಗೂ ಇದು ಹೊಸದಲ್ಲ, ಹಾಗಾಗಿ ಈಗ ಮೂರು ಮನೆಯಿಂದಲೂ ರೊಟ್ಟಿ ಬರುತ್ತದೆ. ಯಾರ ಊರಿನದ್ದು ತೆಳ್ಳಗೆ ಅನ್ನುವ ಜಗಳ ಒಂದು ಜಾಸ್ತಿಯಾಗಿದೆ.

ಕಿರಾಣಿಗೆ ಮೂವರೂ ಸೇರಿ ತಿಂಗಳಿಗೊಮ್ಮೆ ಡಿಮಾರ್ಟ್‌ಗೆ ಹೋಗುತ್ತಿದ್ದರು. ದರ ಕಡಿಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವರು ಹೋದರೆ ಬಾಲ್ದಿ, ಬೆಡ್‌ಶೀಟು, ಬಿಸ್ಕೀಟಿನ ದೊಡ್ಡ ಪ್ಯಾಕೂ ಗಾಡಿಯಲ್ಲಿ ಬಂದು ಕೂರುತ್ತಿದ್ದವು. ಈಗ ಚೀಟಿ ಹಿಡಿದು ಒಬ್ಬಳೇ ಹೋಗುತ್ತಾಳೆ, ಸರದಿಯ ಪ್ರಕಾರ. ತರಕಾರಿ ರೈತರ ವಾರದ ಬಜಾರಿನಿಂದ. ಹತ್ತು ನಿಮಿಷದ ಆ್ಯಪನ್ನು ತೆಗೆದುಹಾಕು ಅಂತ ನಾನು ಹೇಳಲಿಲ್ಲ. ಮನೆಯಲ್ಲಿ ಮೊಸರು, ಹಣ್ಣು ಇರುವಾಗ ಅದನ್ನು ತೆರೆಯುವ ಸಂದರ್ಭವೇ ಕಡಿಮೆಯಾಯಿತು. 3,100 ಇದ್ದದ್ದು 600ಕ್ಕೆ ಬಂತು.

ಮನೆ: ಬಾಡಿಗೆಯಲ್ಲಿ ಉಳಿದದ್ದು ಅಷ್ಟಕ್ಕಷ್ಟೇ

ವಾಕಡ್‌ನಲ್ಲೇ ಎರಡು ಬೆಡ್‌ರೂಮಿನ ಫ್ಲ್ಯಾಟು, ಬಾಡಿಗೆ 27,000, ಡಿಪಾಸಿಟ್ 54,000. ಮೂವರಲ್ಲಿ ಒಬ್ಬಳು ಬಿಟ್ಟು ಹೋಗುತ್ತಿದ್ದಳು, ಆ ಜಾಗಕ್ಕೆ ಇವಳು ಹೋದಳು. ಆಫೀಸಿನ ಪರಿಚಯದಿಂದ ಸಿಕ್ಕಿದ್ದು, ದಲ್ಲಾಳಿ ಇಲ್ಲ. ಪುಣೆಯಲ್ಲಿ ದಲ್ಲಾಳಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾನೆ. ಅದೇ 27,000 ಕೊಟ್ಟು ಹೊಸ ಮನೆ ಮಾಡಿದ್ದರೆ ತಲೆಗೆ 9,000 ಬೀಳುತ್ತಿತ್ತು, ಮೊದಲ ಎರಡು ತಿಂಗಳ ಉಳಿತಾಯ ಅಲ್ಲಿಗೇ ಹೋಗುತ್ತಿತ್ತು. ಖಾಲಿ ಮನೆ ಹುಡುಕುವುದಕ್ಕಿಂತ ಖಾಲಿ ಜಾಗ ಹುಡುಕುವುದು ಲಾಭ.

ತಲೆಗೆ ಬಾಡಿಗೆ 9,000. ಕರೆಂಟು, ಪೈಪಿನ ಗ್ಯಾಸು, ಇಂಟರ್‌ನೆಟ್ಟು, ಪಾತ್ರೆ ತಿಕ್ಕುವ ಮಾವಶಿಯ ಸಂಬಳ ಸೇರಿ 1,900. ಒಟ್ಟು 10,900. ಪಿ.ಜಿ.ಗಿಂತ ಬರೀ 600 ಕಡಿಮೆ, ಊಟವೂ ಇಲ್ಲ. ಕಾಗದದ ಮೇಲೆ ನೋಡಿದರೆ ಇದು ನಷ್ಟದ ವ್ಯವಹಾರ. ಅಕ್ಕನೂ ಫೋನಿನಲ್ಲಿ ಹಾಗೇ ಅಂದಳು: "ಊಟ ಕೊಡೋ ಜಾಗಾ ಬಿಟ್ಟು ಹೊಂಟಾಳ, ಏನ್ ಉಳಿಸ್ತಾಳ?" ಊಟದ ಸಾಲು ಕೆಳಗೆ ಇಳಿದ ಮೇಲೆಯೇ ಅವಳಿಗೆ ಸಮಾಧಾನ ಆದದ್ದು.

ಇನ್ನೊಂದು ಮಾತು ಹೇಳಲೇಬೇಕು. ಕಡಿಮೆ ಖರ್ಚಿನ ಬದುಕಿಗೆ ಹೋಗಲು ಮೊದಲು ಒಂದು ಗಂಟು ಬೇಕು. ಅವಳ ಪಾಲಿನ ಡಿಪಾಸಿಟ್ 18,000. ಪಿ.ಜಿ.ಯವರ ಹತ್ತಿರ ಅವಳ 11,500 ಇತ್ತು, ಪೇಂಟಿಂಗು ಅದು ಇದು ಅಂತ ಹೇಳಿ 8,500 ಮಾತ್ರ ವಾಪಸ್ ಕೊಟ್ಟರು. ಉಳಿದ 9,500 ಎಲ್ಲಿಂದ? ಕಾರ್ಡ್ ತುಂಬಿದೆ, ಖಾತೆ ಖಾಲಿ. ನಾನು ಕೊಟ್ಟೆ. ಅಕ್ಕನಿಗೆ ಹೇಳಿರಲಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ಊರಲ್ಲಿ ಇಂಥ ಮಾಮಾ ಇಲ್ಲದ ಎಷ್ಟೋ ಹುಡುಗರು ದುಬಾರಿ ಪಿ.ಜಿ.ಯಲ್ಲೇ ಉಳಿಯುವುದು ಲೆಕ್ಕ ಬಾರದ್ದಕ್ಕಲ್ಲ. ಆ ಹತ್ತು-ಹದಿನೈದು ಸಾವಿರ ಒಟ್ಟಿಗೆ ಕೈಗೆ ಬರುವುದಿಲ್ಲ, ಅಷ್ಟೇ.

ಒಪ್ಪಂದದ ವಿಷಯ ನಮ್ಮ ಕಡೆಯವರು ತಿಳಿದಿರಬೇಕು. ಕರ್ನಾಟಕದಲ್ಲಿ ನಾವು 11 ತಿಂಗಳ ಕರಾರನ್ನು ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ಮುಗಿಸುತ್ತೇವೆ. ಮಹಾರಾಷ್ಟ್ರದಲ್ಲಿ ಹಾಗಲ್ಲ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ 11 ತಿಂಗಳದ್ದನ್ನೂ ನೋಂದಾಯಿಸಲೇಬೇಕು, ಅದು ಮನೆ ಮಾಲೀಕರ ಜವಾಬ್ದಾರಿ. ನೋಂದಣಿ ಆಗಿರದಿದ್ದರೆ ತಕರಾರಿನ ವೇಳೆ ಬಾಡಿಗೆದಾರ ಹೇಳುವ ಷರತ್ತುಗಳನ್ನೇ ನಿಜ ಅಂತ ಹಿಡಿಯುತ್ತಾರೆ, ಬೇರೆ ಸಾಬೀತಾಗುವವರೆಗೆ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ಮತ್ತು ಡಿಪಾಸಿಟ್ ಮೇಲಿನ ಶೇ. 10 ಬಡ್ಡಿಯ ಮೊತ್ತಕ್ಕೆ ಶೇ. 0.25. ಇವರ ಮನೆಗೆ ಅದು 755ರ ಸುತ್ತಮುತ್ತ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಫೀ 1,000. ನೋಂದಣಿ ಮಾಡಿಸಿಕೊಡುವ ಏಜೆಂಟ್ ಕೇಳಿದ್ದು 5,000. ಈ ಲೆಕ್ಕ ಬರೆದು ಮುಂದಿಟ್ಟಾಗ 3,200ಕ್ಕೆ ಬಂದ. ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಅವನಿಗೂ ಕೂಲಿ ಬೇಕಲ್ಲ, ಕೊಟ್ಟೆವು.

ಕರೆಂಟಿನಲ್ಲಿ ಒಂದೇ ಒಂದು ಬದಲಾವಣೆ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಮೊದಲ 100 ಯೂನಿಟ್‌ಗೆ ಒಂದು ದರ, 101ರಿಂದ 300ರವರೆಗೆ ಅದರ ಸುಮಾರು ಎರಡು ಪಟ್ಟು. ಮೂವರಿರುವ ಮನೆ 100ರೊಳಗೆ ನಿಲ್ಲುವುದು ಕಷ್ಟ. ಹಾಗಾಗಿ ಉಳಿಸುವ ಪ್ರತಿ ಯೂನಿಟ್ಟೂ ದುಬಾರಿ ದರದ ಯೂನಿಟ್ಟೇ. 2,000 ವಾಟಿನ ಗೀಸರ್ ಒಬ್ಬರಿಗೆ ಕಾಲು ಗಂಟೆ ಅಂದರೂ ಮೂವರಿಗೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಪುಣೆಯ ಬಹಳ ಸೊಸೈಟಿಗಳಂತೆ ಇಲ್ಲೂ ಮಾಳಿಗೆ ಮೇಲೆ ಸೋಲಾರ್ ಇದೆ, ಆದರೆ ಬಿಸಿನೀರು ಬೆಳಿಗ್ಗೆ ಮಾತ್ರ, ಅದೂ ಒಂದೇ ಬಾತ್‌ರೂಮಿಗೆ. ಮೊದಲಿದ್ದವರು ತಡವಾಗಿ ಏಳುತ್ತಿದ್ದರು, ಅದನ್ನು ಮುಟ್ಟಿರಲಿಲ್ಲ. ಈಗ ಸ್ನಾನಕ್ಕೆ ಸರದಿ. ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಆಗ ಗೀಸರೇ ಗತಿ.

ಓಡಾಟ

ಪಾಸ್ ತೆಗೆಸಿದರೆ ಉಳಿತಾಯ ಅನ್ನುವುದು ಎಲ್ಲರ ಬಾಯಲ್ಲಿ ಇರುವ ಮಾತು. ಪುಣೆಯ ನಗರ ಬಸ್ ಸಂಸ್ಥೆ ಪಿಎಂಪಿಎಂಎಲ್ 2025ರ ಜೂನ್‌ನಲ್ಲಿ ದರ ಏರಿಸಿತು. ತಿಂಗಳ ಪಾಸು 900 ಇದ್ದದ್ದು 1,500 ಆಯಿತು, ದಿನದ ಪಾಸು 40 ಇದ್ದದ್ದು 70. ಇವಳ ದೂರಕ್ಕೆ ಒಂದು ಕಡೆಗೆ 20 ರೂಪಾಯಿ ಟಿಕೆಟ್. 22 ದಿನ ಹೋಗಿ ಬಂದರೆ 880. ಪಾಸು ಯಾಕೆ? ಎರಡು ಬಸ್ ಬದಲಿಸುವವರಿಗೆ, ಊರೆಲ್ಲ ಸುತ್ತುವವರಿಗೆ ಅದು ಸರಿ. ಇವಳು ದಿನಾ ಟಿಕೆಟ್ಟೇ ತೆಗೆಯುತ್ತಾಳೆ. ಜೋರು ಮಳೆ ಬಂದ ದಿನ ಸಹೋದ್ಯೋಗಿಗಳ ಜೊತೆ ಆಟೊ. ತಿಂಗಳಿಗೆ 1,900ಕ್ಕೆ ಮುಗಿಯುತ್ತಿದೆ.

ರಾತ್ರಿ ತಡವಾದರೆ ಬಸ್ಸು, ಬೈಕ್ ಟ್ಯಾಕ್ಸಿ ಎರಡೂ ಬೇಡ ಅಂತ ನಾನೇ ಹೇಳಿದೆ. ಉಳಿತಾಯದ ಹುಚ್ಚು ಅಲ್ಲಿಗೆ ಹೋಗಬಾರದು. ಹಾಗೆ ನೋಡಿದರೆ ಅದಕ್ಕೆ ಅವಳ ಕೈಯಿಂದ ದುಡ್ಡು ಹೋಗಬೇಕಾಗಿಯೂ ಇಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಯಲ್ಲಿ ರಾತ್ರಿ 9.30ರ ನಂತರ ಹೆಂಗಸರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಮನೆ ಮುಟ್ಟಿಸುವ ಏರ್ಪಾಡೂ ಬೇಕು. ಇವಳ ಆಫೀಸಿನಲ್ಲಿ ಕ್ಯಾಬ್ ಇತ್ತು. ಕೇಳಲು ಸಂಕೋಚಪಟ್ಟು ಆಟೊಗೆ ಕೊಡುತ್ತಿದ್ದಳು.

ಊರಿನ ಓಡಾಟ ಇನ್ನೊಂದು ಕಥೆ. ಚೌತಿ, ದೀಪಾವಳಿ ಬಂದರೆ ಖಾಸಗಿ ಸ್ಲೀಪರ್ ಬಸ್ಸಿನವರು ದರ ದುಪ್ಪಟ್ಟು ಮಾಡುತ್ತಾರೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹಬ್ಬದ 60 ದಿನ ಮೊದಲಿನ ಬೆಳಿಗ್ಗೆ ಎಂಟಕ್ಕೆ ಅಲಾರಂ ಇಟ್ಟುಕೊಂಡಿದ್ದಾಳೆ. ಹಬ್ಬದ ಬಸ್ ದರದ ಮೂರನೇ ಒಂದು ಭಾಗವೂ ಸ್ಲೀಪರ್ ಟಿಕೆಟ್‌ಗೆ ಬೇಕಾಗುವುದಿಲ್ಲ.

ಅವಳೇ ಕಂಡುಹಿಡಿದ ಇನ್ನೊಂದು ದಾರಿ ಇದೆ, ಇದನ್ನು ಕೇಳಿ ನನಗೆ ನಗು ತಡೆಯಲಿಲ್ಲ. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ. ಆದರೆ ಗಡಿ ದಾಟುವ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ, ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್ಸಿಗೆ ಮಾತ್ರ. ಹಾಗಾಗಿ ಪುಣೆಯ ಸ್ವಾರಗೇಟಿನಿಂದ ಕೊಲ್ಲಾಪುರಕ್ಕೆ ಅರ್ಧ ಟಿಕೆಟ್ಟಿನ ಎಸ್‌ಟಿ, ಅಲ್ಲಿಂದ ನಿಪ್ಪಾಣಿ, ನಿಪ್ಪಾಣಿಯಿಂದ ಬೆಳಗಾವಿ, ಬೆಳಗಾವಿಯಿಂದ ಧಾರವಾಡ ಆಧಾರ್ ತೋರಿಸಿ ಪುಕ್ಕಟೆ. ಆಧಾರ್‌ನಲ್ಲಿ ಊರಿನ ವಿಳಾಸವೇ ಇದೆ. ದುಡ್ಡು ಉಳಿಯುತ್ತದೆ, ಇಡೀ ದಿನ ಹೋಗುತ್ತದೆ. ಎರಡು ದಿನದ ರಜೆಗೆ ಇದು ಹುಚ್ಚುತನ. ವಾರದ ರಜೆ ಇದ್ದಾಗ, ಸಾಮಾನು ಕಡಿಮೆ ಇದ್ದಾಗ ನಡೆಯುತ್ತದೆ. ರೊಟ್ಟಿ ಕಟ್ಟು ಹೊತ್ತು ತರುವಾಗ ಅಂತೂ ಬೇಡವೇ ಬೇಡ. ಮೂರು ಬಸ್ ಬದಲಿಸುವಷ್ಟರಲ್ಲಿ ಪುಡಿಯಾಗುತ್ತದೆ.

ಆರು ತಿಂಗಳ ನಂತರ

ಮನೆ ಖರ್ಚು 10,900. ಕಿರಾಣಿ, ತರಕಾರಿ, ಪೋಳಿ-ಭಾಜಿ 4,200. ಹೊರಗಿನ ಊಟ 1,600, ಹೆಚ್ಚಾಗಿ ಶನಿವಾರ ಗೆಳತಿಯರ ಜೊತೆ. ಓಡಾಟ 1,900, ಆ್ಯಪಿನ ಸಾಮಾನು 600, ಊರಿಗೆ ಹೋಗಿ ಬರಲು 1,300, ಮೊಬೈಲ್ 600. ಮನೆಗೆ ಕಳಿಸುವ 3,000, ಬಟ್ಟೆ-ಸುತ್ತಾಟದ 3,500, ಎರಡೂ ಮೊದಲಿನಂತೆಯೇ. ಒಟ್ಟು 27,600. ಉಳಿದ 6,400ರಲ್ಲಿ 4,000 ಕಾರ್ಡಿಗೆ, 2,400 ಬ್ಯಾಂಕಿನಲ್ಲಿ ತಿಂಗಳಾ ತಿಂಗಳಾ ಕಟ್ಟುವ ಠೇವಣಿಗೆ, ಅಂದರೆ ಆರ್‌ಡಿಗೆ, ಸಂಬಳ ಬಂದ ಮರುದಿನವೇ. ಆರ್‌ಡಿ ಬೇಡ, ಪೂರ್ತಿ 6,400 ಕಾರ್ಡಿಗೇ ಹಾಕು, ಅದರ ಬಡ್ಡಿಯ ಮುಂದೆ ಆರ್‌ಡಿ ಬಡ್ಡಿ ಏನೇನೂ ಅಲ್ಲ ಅಂತ ಹೇಳಿದೆ. ಲೆಕ್ಕದಲ್ಲಿ ನನ್ನದೇ ಸರಿ. "ಏನರೆ ಕೂಡ್ಲಿಕತ್ತದ ಅಂತ ಕಾಣಬೇಕು ಮಾಮಾ, ಇಲ್ಲಾಂದ್ರ ನಂಗ ಆಗಂಗಿಲ್ಲ" ಅಂದಳು. ಅವಳ ದುಡ್ಡು, ಅವಳ ಇಷ್ಟ. ನನ್ನ 9,500 ಇನ್ನೂ ಬಾಕಿ ಇದೆ, ಕಾರ್ಡ್ ಮುಗಿದ ಮೇಲೆ ಅಂತ ಮಾತಾಗಿದೆ.

ಒಪ್ಪಂದ ಮುಗಿಯಲು ಇನ್ನು ಕೆಲವೇ ತಿಂಗಳು. ಮಾಲೀಕರು ಶೇ. 10 ಏರಿಸುವ ಮಾತಾಡಿದ್ದಾರೆ, ತಲೆಗೆ 900 ಬೀಳುತ್ತದೆ. ಅದನ್ನು ತಡೆದುಕೊಳ್ಳಬಹುದು. ದೊಡ್ಡ ಚಿಂತೆ ಬೇರೆ: ಸೊಲ್ಲಾಪುರದ ಹುಡುಗಿಗೆ ಮದುವೆ ಗೊತ್ತಾಗಿದೆ. ಮೂರನೆಯವಳು ಸಿಗುವವರೆಗೆ ಇಬ್ಬರ ಮೇಲೆ ತಲಾ 4,500 ಜಾಸ್ತಿ ಬೀಳುತ್ತದೆ. ಹಾಗಾಗಿ ಈಗಿನಿಂದಲೇ ಆಫೀಸಿನಲ್ಲಿ ಕೇಳಿ ಇಟ್ಟಿದ್ದಾರೆ. ಬೆಳಿಗ್ಗೆ ಬೇಗ ಏಳುವವಳು ಬೇಕಂತೆ, ಸೋಲಾರ್ ನೀರಿನ ಸರದಿ ತಪ್ಪಬಾರದಲ್ಲ.